ಸಿಂಹ, ಎತ್ತು: ಜಗಳ ನಿಜಕ್ಕೂ ಯಾರದು?

(ಪ್ರಾಣಿಕಥೆಗಳ ಓದು ಕುರಿತ ಉಪನ್ಯಾಸದ ಬರಹರೂಪ)



ಮಕ್ಕಳಿಗೆ ಪ್ರಾಣಿಕಥೆ ಹೇಳಿ ಮುಗಿಸಿದ ಕೂಡಲೇ ನಾವು ಕೇಳುವ ಪ್ರಶ್ನೆ ಒಂದೇ: ‘ಈ ಕಥೆಯ ನೀತಿ ಏನು?’ ಅದಕ್ಕೂ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ. ಈ ಕಥೆಯಲ್ಲಿ ಸಂಘರ್ಷ ಯಾರು ಯಾರ ನಡುವೆ? ಈ ಉತ್ತರ ತಪ್ಪಿದರೆ ನೀತಿಯೂ ತಪ್ಪುತ್ತದೆ. ಪಂಚತಂತ್ರದ ಮೊದಲನೆಯ ತಂತ್ರವಾದ ‘ಮಿತ್ರಭೇದ’ದ ಮುಖ್ಯ ಕಥೆಯನ್ನೇ ಇಟ್ಟುಕೊಂಡು ಇದನ್ನು ನೋಡೋಣ.

ಕಥೆಗೆ ಸಾಮಾನ್ಯವಾಗಿ ಐದು ಅಂಗಗಳನ್ನು ಹೇಳುತ್ತಾರೆ: ಆರಂಭ, ಏರಿಕೆ, ಪರಾಕಾಷ್ಠೆ, ಇಳಿಕೆ, ಮುಕ್ತಾಯ. ಇಲ್ಲಿ ಆರಂಭ ಸರಳವಾಗಿದೆ. ವರ್ಧಮಾನನೆಂಬ ವರ್ತಕ ಮಥುರೆಯ ಕಡೆಗೆ ಹೊರಟಾಗ ಅವನ ಬಂಡಿಯ ಎತ್ತು ಸಂಜೀವಕ ದಾರಿಯಲ್ಲಿ ಕಾಲು ಮುರಿದುಕೊಂಡು ಬೀಳುತ್ತದೆ. ಅದನ್ನು ಕಾಡಿನಲ್ಲೇ ಬಿಟ್ಟುಹೋಗುತ್ತಾರೆ. ಸತ್ತಿತೆಂದು ಎಣಿಸಿದ್ದ ಎತ್ತು ಯಮುನಾ ತೀರದ ಹುಲ್ಲು ಮೇದು ಚೇತರಿಸಿಕೊಂಡು ಗುಟುರು ಹಾಕುತ್ತದೆ. ನೀರು ಕುಡಿಯಲು ಬಂದ ಸಿಂಹ ಪಿಂಗಳಕ ಆ ಸದ್ದಿಗೆ ಹೆದರಿ ಹಿಂದೆ ಸರಿಯುತ್ತದೆ.

ಮೊದಲ ಸಂಘರ್ಷ ಇದೇ. ಎದುರಾಳಿಯೇ ಇಲ್ಲದ ಈ ಸಂಘರ್ಷ ಸಿಂಹದ ಮನಸ್ಸಿನ ಒಳಗಿನದು. ಮಂತ್ರಿಯ ವಂಶದಲ್ಲಿ ಹುಟ್ಟಿಯೂ ಅಧಿಕಾರ ಕಳೆದುಕೊಂಡಿದ್ದ ದಮನಕ ಎಂಬ ನರಿ ಇದನ್ನು ಗಮನಿಸುತ್ತದೆ. ಬೇಡದ ಉಸಾಬರಿ ಬೇಡವೆಂದು ಜೊತೆಗಾರ ಕರಟಕ ಹೇಳಿದರೂ ಕೇಳದೆ ಅದು ಸಿಂಹದ ಬಳಿಗೆ ಹೋಗಿ, ಭೇರಿಯ ಸದ್ದಿಗೆ ಹೆದರಿದ ನರಿಯ ಉಪಕಥೆ ಹೇಳುತ್ತದೆ. ಬರಿಯ ಸದ್ದಿಗೆ ಅಂಜಬಾರದು ಎಂಬುದು ಅದರ ಸಾರ. ಆಮೇಲೆ ತಾನೇ ಹೋಗಿ ನೋಡಿ ಬಂದು ಎತ್ತನ್ನು ಸಿಂಹಕ್ಕೆ ಪರಿಚಯಿಸುತ್ತದೆ. ಭಯ ಹೋಗಿ ಗೆಳೆತನ ಬೆಳೆಯುತ್ತದೆ.

ಏರಿಕೆ ಶುರುವಾಗುವುದು ಇಲ್ಲಿಂದ. ಸಿಂಹ ಎತ್ತಿನ ಮಾತಿನಲ್ಲಿ ಮೈಮರೆತು ಬೇಟೆಯನ್ನೇ ಬಿಡುತ್ತದೆ. ಪರಿವಾರ ಉಪವಾಸ ಬೀಳುತ್ತದೆ. ತಾನೇ ಕಟ್ಟಿದ ಸ್ನೇಹದಿಂದ ದಮನಕ ತಾನೇ ಮೂಲೆಗುಂಪಾಗುತ್ತದೆ. ಅದು ಸಿಂಹಕ್ಕೆ ‘ಎತ್ತು ನಿನ್ನ ರಾಜ್ಯಕ್ಕೆ ಕಣ್ಣು ಹಾಕಿದೆ’ ಎನ್ನುತ್ತದೆ. ಎತ್ತಿಗೆ ‘ಸಿಂಹ ನಿನ್ನನ್ನು ಕೊಲ್ಲಲಿದೆ’ ಎನ್ನುತ್ತದೆ. ಅಷ್ಟಕ್ಕೇ ನಿಲ್ಲದೆ ಇಬ್ಬರಿಗೂ ಒಂದೊಂದು ಗುರುತು ಹೇಳಿಕೊಡುತ್ತದೆ. ಎತ್ತು ಕೊಂಬು ತಗ್ಗಿಸಿ ಬಂದರೆ ದ್ರೋಹವೆಂದು ತಿಳಿ. ಸಿಂಹ ಕಿವಿ ನಿಮಿರಿಸಿ ದಿಟ್ಟಿಸಿದರೆ ಅಪಾಯವೆಂದು ತಿಳಿ.

ಕಥೆಯ ಜಾಣ್ಮೆಯೆಲ್ಲ ಈ ಗುರುತುಗಳಲ್ಲಿದೆ. ಹೆದರಿದ ಎತ್ತು ಕೊಂಬು ತಗ್ಗಿಸದೆ ಇನ್ನೇನು ಮಾಡೀತು? ಅದನ್ನು ಕಂಡ ಸಿಂಹ ದಿಟ್ಟಿಸದೆ ಇದ್ದೀತೆ? ಒಬ್ಬನ ಭಯವೇ ಇನ್ನೊಬ್ಬನಿಗೆ ಸಾಕ್ಷಿಯಾಗುತ್ತದೆ. ಪರಾಕಾಷ್ಠೆಯಲ್ಲಿ ಇಬ್ಬರೂ ಕಾದಾಡಿ ಎತ್ತು ಸಾಯುತ್ತದೆ.

ಹಾಗಾದರೆ ಸಂಘರ್ಷ ಸಿಂಹಕ್ಕೂ ಎತ್ತಿಗೂ ನಡುವಿನದೇ? ಮೇಲ್ನೋಟಕ್ಕೆ ಹೌದು. ಆದರೆ ಅವರಿಬ್ಬರ ನಡುವೆ ಜಗಳಕ್ಕೆ ಕಾರಣವೇ ಇರಲಿಲ್ಲ. ದಮನಕ ದುಷ್ಟ ಎಂದಷ್ಟೇ ಹೇಳಿದರೂ ಉತ್ತರ ಅರ್ಧವಾಗುತ್ತದೆ. ಕಥೆಯ ಎರಡು ಭಾಗಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಮೊದಲ ಸಲ ಸಿಂಹ ಸದ್ದು ಕೇಳಿತು, ಅದೇನೆಂದು ವಿಚಾರಿಸಿತು, ಗೆಳೆಯನನ್ನು ಪಡೆಯಿತು. ಎರಡನೆಯ ಸಲ ಮಾತು ಕೇಳಿತು, ವಿಚಾರಿಸಲಿಲ್ಲ, ಗೆಳೆಯನನ್ನು ಕೊಂದಿತು. ನಿಜವಾದ ಸಂಘರ್ಷ ಕೇಳಿದ್ದಕ್ಕೂ ಕಂಡದ್ದಕ್ಕೂ ನಡುವಿನದು. ‘ಹೀಗಂತೆ, ನಿಜವೇ?’ ಎಂದು ಇಬ್ಬರಲ್ಲಿ ಒಬ್ಬರು ನೇರವಾಗಿ ಕೇಳಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು.

ಇನ್ನು ಮುಕ್ತಾಯ. ಕರಟಕ ಛೀಮಾರಿ ಹಾಕುತ್ತದೆ, ಸಿಂಹ ಮರುಗುತ್ತದೆ. ಆದರೆ ಸಂಸ್ಕೃತ ಪಾಠದಲ್ಲಿ ದಮನಕನಿಗೆ ಶಿಕ್ಷೆಯಿಲ್ಲ, ಅದು ಮಂತ್ರಿಯಾಗಿ ಸುಖವಾಗಿರುತ್ತದೆ. ಈ ಕೊನೆ ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. ಪಂಚತಂತ್ರ 6ನೆಯ ಶತಮಾನದಲ್ಲಿ ಪಹ್ಲವಿ ಭಾಷೆಗೆ ಹೋಗಿ, ಅಲ್ಲಿಂದ 8ನೆಯ ಶತಮಾನದಲ್ಲಿ ಇಬ್ನ್ ಅಲ್-ಮುಖಫ್ಫನಿಂದ ಅರಬ್ಬಿಯ ‘ಕಲೀಲ ವ ದಿಮ್ನ’ ಆಯಿತು. ಕರಟಕ, ದಮನಕರೇ ಅಲ್ಲಿನ ಕಲೀಲ, ದಿಮ್ನ. ಅದರಲ್ಲಿ ದಿಮ್ನನ ವಿಚಾರಣೆಗೆಂದೇ ಒಂದು ಅಧ್ಯಾಯವಿದೆ. ಅಪರಾಧ ಸಾಬೀತಾಗಿ ಮರಣದಂಡನೆಯಾಗುತ್ತದೆ.

ಅರಬ್ಬಿಯ ಕೊನೆ ಸಮಾಧಾನ ಕೊಡುತ್ತದೆ, ಸಂಸ್ಕೃತದ ಕೊನೆ ಎಚ್ಚರಿಕೆ ಕೊಡುತ್ತದೆ. ವಿಷ್ಣುಶರ್ಮ ಈ ಕಥೆ ಹೇಳಿದ್ದು ಮುಂದೆ ಆಳಬೇಕಾಗಿದ್ದ ರಾಜಕುಮಾರರಿಗೆ ಎಂಬುದನ್ನು ಮರೆಯಬಾರದು. ಕನ್ನಡದಲ್ಲಿ ಸುಮಾರು 1031ರಲ್ಲಿ ಪಂಚತಂತ್ರ ಬರೆದ ದುರ್ಗಸಿಂಹನೂ ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿ. ಸ್ನೇಹ, ಯುದ್ಧಗಳ ವ್ಯವಹಾರವನ್ನೇ ನೋಡಿಕೊಳ್ಳುತ್ತಿದ್ದ ಅಧಿಕಾರಿ. ಚಾಡಿಮಾತಿನ ಬೆಲೆ ಎಷ್ಟೆಂದು ಅವನಿಗೆ ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ಸುದ್ದಿ ಬರೆಯುವ ನಮ್ಮಂಥವರಿಗೂ ಈ ಕಥೆ ಬೇಕು. ಎರಡೂ ಕಡೆಯವರನ್ನು ಕೇಳು ಎಂಬುದು ನಮ್ಮ ವೃತ್ತಿಯ ಮೊದಲ ಪಾಠ. ಗಾಳಿಮಾತು ಕೈಯಿಂದ ಕೈಗೆ ಕ್ಷಣದಲ್ಲಿ ದಾಟುವ ಈ ದಿನಗಳಲ್ಲಿ ಅದು ಓದುಗರ ಪಾಠವೂ ಹೌದು. ಆದ್ದರಿಂದ ಮುಂದಿನ ಸಲ ಮಕ್ಕಳಿಗೆ ಈ ಕಥೆ ಹೇಳಿದಾಗ, ನೀತಿ ಕೇಳುವ ಮುನ್ನ ಒಂದು ಪ್ರಶ್ನೆ ಕೇಳಿ: ಸಿಂಹ ಯಾರನ್ನು ಏನೆಂದು ಕೇಳಬೇಕಾಗಿತ್ತು? ನೀತಿಯನ್ನು ಅವರೇ ಹೇಳುತ್ತಾರೆ.