ಕ್ಯಾರವಾನ್‌ಗೆ ಜನರೇಟರ್: ಅಂಕೋಲೆಯ ಆ ರಾತ್ರಿಯಿಂದ ನಾನು ಕಲಿತಿದ್ದು

ಹಿಂದೆ ಕೂತವರಿಗೆ ಕೇಳಿಸ್ತಿದೆ ಅಲ್ವಾ? ಸರಿ.

ಕಳೆದ ಸಲ ನಮ್ಮ ಟ್ರಾವೆಲರ್ ಗಾಡಿಯನ್ನ ಕ್ಯಾಂಪರ್ ಮಾಡಿಸಿದ ಕಥೆ ಹೇಳಿದ್ದೆ. ಅದಾದ ಮೇಲೆ ಪುಣೆಯಿಂದ, ಹೈದರಾಬಾದ್‌ನಿಂದ ತುಂಬಾ ಜನ ಕೇಳಿದ್ದು ಒಂದೇ ಪ್ರಶ್ನೆ: "ಜನರೇಟರ್ ಯಾವುದು ತಗೊಂಡ್ರಿ?" ಮಾಡೆಲ್ ಹೆಸರು ಹೇಳಿ ಮುಗಿಸಬಹುದಿತ್ತು. ಆದರೆ ನಾನು ಅದನ್ನ ಆರಿಸಿಕೊಂಡ ದಾರಿ ಸ್ವಲ್ಪ ಕೆಟ್ಟದಾಗಿತ್ತು, ಅದನ್ನ ಹೇಳದೆ ಬರೀ ಹೆಸರು ಹೇಳಿದರೆ ನಿಮಗೆ ಮೋಸ ಮಾಡಿದ ಹಾಗೆ. ಹಾಗಾಗಿ ಮೊದಲು ಕಥೆ, ಆಮೇಲೆ ಲೆಕ್ಕ.

2024ರ ಮೇ ತಿಂಗಳು. ಆಗ ನಮ್ಮದೇ ಗಾಡಿ ಇರಲಿಲ್ಲ, ಬಾಡಿಗೆ ಕ್ಯಾಂಪರ್. ಅಪ್ಪ, ಅಮ್ಮ, ನನ್ನ ಹೆಂಡತಿ, ನಾನು, ಜೊತೆಗೆ ಡ್ರೈವರ್. ಪುಣೆಯಿಂದ ಬೆಳಗಾವಿ, ಹುಬ್ಬಳ್ಳಿ, ಯಲ್ಲಾಪುರ, ಅಲ್ಲಿಂದ ಅರಬೈಲ್ ಘಾಟ್ ಇಳಿದು ಗೋಕರ್ಣ. ಅಪ್ಪನಿಗೆ ನಿದ್ದೆಯಲ್ಲಿ ಉಸಿರು ಕಟ್ಟೋ ತೊಂದರೆ ಇದೆ, ರಾತ್ರಿ ಸಿಪ್ಯಾಪ್ ಮಷೀನ್ ಬೇಕೇ ಬೇಕು. ಬಾಡಿಗೆ ಕೊಡೋರಿಗೆ ಮೊದಲೇ ಹೇಳಿದ್ದೆ. "ಸರ್, ಜನರೇಟರ್ ಇದೆ, ರಾತ್ರಿಯಿಡೀ ಏಸಿ, ಏನೂ ಚಿಂತೆ ಇಲ್ಲ" ಅಂದ್ರು. ನಾನೂ ಚಿಂತೆ ಮಾಡಲಿಲ್ಲ.

ಘಾಟ್ ಇಳಿದು ಅಂಕೋಲೆ ಹತ್ತಿರ ಒಂದು ಹೋಟೆಲ್ ಪಕ್ಕದ ಜಾಗದಲ್ಲಿ ಗಾಡಿ ನಿಲ್ಲಿಸಿದಾಗ ರಾತ್ರಿ ಎಂಟು. ಮೇ ತಿಂಗಳ ಕರಾವಳಿ ಸೆಕೆ ನಿಮಗೆ ಗೊತ್ತಲ್ಲ, ಸುಮ್ಮನೆ ಕೂತರೂ ಬೆವರು. ಡ್ರೈವರ್ ಜನರೇಟರ್ ಇಳಿಸಿ ಗಾಡಿ ಹಿಂದೆ ನಾಲ್ಕು ಅಡಿ ದೂರದಲ್ಲಿ ಇಟ್ಟ. ಕೇಬಲ್ ಒಳಗೆ ತರೋಕೆ ಬೇರೆ ದಾರಿ ಇರಲಿಲ್ಲ, ಹಿಂದಿನ ಕಿಟಕಿ ಎರಡು ಬೆರಳು ತೆಗೆದು ಅಲ್ಲಿಂದ ತೂರಿಸಿದ. ಆಗ ಸಮುದ್ರದ ಕಡೆಯಿಂದ ಗಾಳಿ ಬೀಸ್ತಿತ್ತು, ಹೊಗೆ ಗಾಡಿಯಿಂದ ಆಚೆಗೇ ಹೋಗ್ತಿತ್ತು. ನಾನೇ ನಿಂತು ನೋಡಿ "ಸರಿ ಇದೆ" ಅಂದೆ.

ಊಟ ಆಯ್ತು, ಎಲ್ಲರೂ ಮಲಗಿದ್ರು. ನನಗೆ ಆ ವಾರ ಆನ್‌ಕಾಲ್. ಹನ್ನೊಂದಕ್ಕೆ ಪ್ರೊಡಕ್ಷನ್‌ನಲ್ಲಿ ಏನೋ ಬಿತ್ತು ಅಂತ ಫೋನ್ ಬಂತು, ಲ್ಯಾಪ್‌ಟಾಪ್ ಹಿಡ್ಕೊಂಡು ಆಚೆ ಕುರ್ಚಿ ಹಾಕಿ ಕೂತೆ. ಹನ್ನೆರಡೂವರೆಗೆ ಒಳಗೆ ಬಂದರೆ ಅಮ್ಮ ಎದ್ದು ಕೂತಿದ್ದಾರೆ. "ತಲೆ ಸಿಡೀತಿದೆ ಕಣೋ, ವಾಂತಿ ಬರೋ ಹಾಗಿದೆ." ನಾನು ಘಾಟ್ ತಿರುವು ಅಂದ್ಕೊಂಡೆ. ನಿಂಬೆಹಣ್ಣು ಹಿಂಡಿ ನೀರು ಕೊಟ್ಟೆ. ನನ್ನ ಹೆಂಡತಿಯೂ ಎದ್ದು "ನಂಗೂ ತಲೆ ಭಾರ, ಗಂಟಲಲ್ಲಿ ಏನೋ ಹೊಗೆ ವಾಸನೆ" ಅಂದಳು. ಆಗ ಹೊಳೀತು. ಅಪ್ಪನ್ನ ಅಲ್ಲಾಡಿಸಿದೆ, ಏಳಲಿಲ್ಲ. ಇನ್ನೊಮ್ಮೆ ಜೋರಾಗಿ ಅಲ್ಲಾಡಿಸಿದ ಮೇಲೆ ಕಣ್ಣು ಬಿಟ್ಟರು, ಮಾತು ತೊದಲ್ತಿತ್ತು.

ಬಾಗಿಲು ತೆಗೆದು ಮೂರೂ ಜನರನ್ನ ಆಚೆ ತಂದು ಜನರೇಟರ್ ಆಫ್ ಮಾಡಿದ್ವಿ. ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದ್ರು, ಬೆಳಗ್ಗೆ ಹೊತ್ತಿಗೆ ಅಪ್ಪ ಕಾಫಿ ಕೇಳಿದ್ರು. ಡಾಕ್ಟರ್ ಹೇಳಿದ್ದು ಒಂದೇ ಮಾತು: "ಕಾರ್ಬನ್ ಮಾನಾಕ್ಸೈಡ್. ಇನ್ನೊಂದು ಗಂಟೆ ಆಗಿದ್ರೆ ನಾನು ನಿಮ್ಮ ಹತ್ತಿರ ಬೇರೆ ಥರ ಮಾತಾಡ್ತಿದ್ದೆ."

ಏನಾಗಿತ್ತು ಅಂದರೆ ಗಾಳಿ ತಿರುಗಿತ್ತು, ಅಷ್ಟೇ. ಕರಾವಳಿಯಲ್ಲಿ ಹಗಲು, ಸಂಜೆ ಸಮುದ್ರದಿಂದ ನೆಲಕ್ಕೆ ಗಾಳಿ. ರಾತ್ರಿ ನೆಲ ಬೇಗ ತಣ್ಣಗಾಗಿ ಗಾಳಿ ಉಲ್ಟಾ. ಶಾಲೆಯಲ್ಲಿ ಓದಿದ್ದೇ. ಎಂಟು ಗಂಟೆಗೆ ಸರಿ ಇದ್ದ ಜಾಗ ಹನ್ನೆರಡಕ್ಕೆ ಸರಿ ಇರಲಿಲ್ಲ, ಹೊಗೆ ನೇರವಾಗಿ ಆ ಎರಡು ಬೆರಳು ಸಂದಿಗೆ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ನನ್ನ ಹೆಂಡತಿಗೆ ಬಂದಿದ್ದು ಸುಡದ ಪೆಟ್ರೋಲಿನ ವಾಸನೆ, ಅದು ನಮ್ಮ ಅದೃಷ್ಟ. ರಕ್ತದ ಹಿಮೋಗ್ಲೋಬಿನ್ ಈ ಅನಿಲವನ್ನ ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಹಿಡ್ಕೊಳ್ಳುತ್ತೆ. ಮತ್ತೆ ಸಿಪ್ಯಾಪ್ ಏನು ಮಾಡುತ್ತೆ? ಕೋಣೆಯ ಗಾಳಿಯನ್ನೇ ಎಳೆದು ಒತ್ತಡದಲ್ಲಿ ಮೂಗಿಗೆ ಕೊಡುತ್ತೆ. ಅದರ ಫಿಲ್ಟರ್ ಧೂಳು ತಡೆಯುತ್ತೆ, ಈ ಅನಿಲವನ್ನ ತಡೆಯಲ್ಲ. ಅಪ್ಪನ್ನ ಕಾಪಾಡೋಕೆ ಅಂತ ಹಾಕಿದ ಮಷೀನು ಅವರಿಗೆ ವಿಷ ಕೊಡ್ತಾ ಇತ್ತು.

ಆ ವರ್ಷ ಡಿಸೆಂಬರ್‌ನಲ್ಲಿ ಕೇರಳದ ವಡಗರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನ್ ಒಳಗೆ ಇಬ್ಬರು ಸತ್ತಿದ್ದ ಸುದ್ದಿ ನಿಮ್ಮಲ್ಲಿ ಕೆಲವರು ಓದಿರಬಹುದು. ಅದೂ ಇದೇ. ಜನರೇಟರ್ ಹೊಗೆ ಒಳಗೆ ಬಂದಿದ್ದು. ಆ ಸುದ್ದಿ ನಾನು ಅಮ್ಮನಿಗೆ ಇವತ್ತಿನವರೆಗೂ ಹೇಳಿಲ್ಲ.

ಹಾಗಾಗಿ ನಮ್ಮದೇ ಗಾಡಿ ಮಾಡಿಸುವಾಗ ನಾನು ಮೊದಲು ನಿರ್ಧಾರ ಮಾಡಿದ್ದು ಮಾಡೆಲ್ ಅಲ್ಲ. ಜನ ಮಲಗಿರುವಾಗ ಜನರೇಟರ್ ಓಡಬಾರದು, ಇಷ್ಟೇ. ಈ ಒಂದು ನಿರ್ಧಾರದಿಂದ ಉಳಿದಿದ್ದೆಲ್ಲಾ ಬದಲಾಯ್ತು: ಎಷ್ಟು ದೊಡ್ಡದು, ಎಷ್ಟು ಭಾರ, ಎಷ್ಟು ದುಡ್ಡು. ರಾತ್ರಿಗೆ ಬ್ಯಾಟರಿ, ಹಗಲು ಆ ಬ್ಯಾಟರಿ ತುಂಬೋಕೆ ಜನರೇಟರ್.

ಈಗ ಲೆಕ್ಕಕ್ಕೆ ಬರ್ತೀನಿ. ಪ್ಲಗ್‌ಗೆ ಹಾಕೋ ಸಣ್ಣ ಪವರ್ ಮೀಟರ್ ಸಿಗುತ್ತೆ, ಮೊದಲು ಅದನ್ನ ತಗೊಂಡು ಮನೆಯಲ್ಲೇ ಎಲ್ಲಾ ಅಳೆದೆ. ಅಪ್ಪನ ಸಿಪ್ಯಾಪ್ ಸರಾಸರಿ 50 ವ್ಯಾಟ್, ಎಂಟು ಗಂಟೆಗೆ 400 ವ್ಯಾಟ್-ಅವರ್. ಅದರಲ್ಲಿ ನೀರು ಬಿಸಿ ಮಾಡೋ ಹ್ಯುಮಿಡಿಫೈಯರ್ ಇದೆಯಲ್ಲ, ಅದು ಆಫ್ ಇದ್ರೆ ಇನ್ನೂ ಕಡಿಮೆ. ಆದರೆ ಆಫ್ ಮಾಡಬಹುದಾ ಅಂತ ಡಾಕ್ಟರನ್ನ ಕೇಳಿ, ನನ್ನನ್ನ ಕೇಳಬೇಡಿ. ಎರಡು ಫ್ಯಾನ್ ತಲಾ 25 ವ್ಯಾಟ್, ಅದೊಂದು 400. ಚಿಕ್ಕ ಫ್ರಿಜ್, ಲೈಟು, ಲ್ಯಾಪ್‌ಟಾಪು, ಫೋನು ಎಲ್ಲಾ ಸೇರಿ 500. ಒಟ್ಟು ರಾತ್ರಿಗೆ 1300 ವ್ಯಾಟ್-ಅವರ್, ಅಂದರೆ ಒಂದೂಕಾಲು ಯೂನಿಟ್ ಚಿಲ್ಲರೆ. 12.8 ವೋಲ್ಟ್, 200 ಆಂಪ್-ಅವರ್ ಲಿಥಿಯಂ ಫಾಸ್ಫೇಟ್ ಬ್ಯಾಟರಿಯಲ್ಲಿ ಎರಡೂವರೆ ಯೂನಿಟ್ ಇರುತ್ತೆ. ಅರ್ಧ ಬ್ಯಾಟರಿಯಲ್ಲಿ ರಾತ್ರಿ ಕಳೀತು.

ಏಸಿ ಇಲ್ಲ ಗಮನಿಸಿದ್ರಾ? ಜನರೇಟರ್ ದೊಡ್ಡದಾಗಬೇಕು ಅನ್ನೋದು ಬಹುತೇಕ ಏಸಿ ಒಂದರಿಂದಲೇ. ಹಳೇ ಥರದ ಏಸಿಯಲ್ಲಿ ಕಂಪ್ರೆಸರ್ ಶುರುವಾಗೋ ಕ್ಷಣಕ್ಕೆ ಓಡುವಾಗಿನ ಕರೆಂಟಿನ ಹಲವು ಪಟ್ಟು ಎಳೆಯುತ್ತೆ. ಓಡೋಕೆ 1200 ವ್ಯಾಟ್ ಸಾಕಾದರೂ ಶುರುವಾಗೋಕೆ 3 ಕೆವಿಎ ಮಷೀನೂ ಮುಗ್ಗರಿಸಬಹುದು. ಇನ್ವರ್ಟರ್ ಏಸಿ ಮೆಲ್ಲಗೆ ಶುರುವಾಗುತ್ತೆ, ಆ ಹೊಡೆತ ಇಲ್ಲ. ಗಾಡಿಗೆ ಏಸಿ ಹಾಕಿಸೋದಾದ್ರೆ ಇನ್ವರ್ಟರ್ ಏಸಿಯನ್ನೇ ಹಾಕಿಸಿ, ಜನರೇಟರ್‌ನಲ್ಲಿ ಉಳಿಯೋ ದುಡ್ಡು ಅದಕ್ಕಿಂತ ಜಾಸ್ತಿ.

ಈ "ಇನ್ವರ್ಟರ್" ಅನ್ನೋ ಪದ ನಮ್ಮ ಮನೆಗಳಲ್ಲಿ ಒಂದು ರಗಳೆ. ನಮಗೆ ಇನ್ವರ್ಟರ್ ಅಂದರೆ ಕರೆಂಟ್ ಹೋದಾಗ ಫ್ಯಾನ್ ಓಡಿಸೋ ಡಬ್ಬ. ಅಪ್ಪ ಕೇಳಿದ್ರು, "ಇನ್ವರ್ಟರ್ರೋ ಜನರೇಟರ್ರೋ, ಎರಡರಲ್ಲಿ ಒಂದು ಹೇಳು." ಎರಡೂ ಹೌದು. ಮಾಮೂಲಿ ಪೆಟ್ರೋಲ್ ಜನರೇಟರ್ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಲೇಬೇಕು, ಆಗಲೇ 50 ಹರ್ಟ್ಸ್ ಬರೋದು. ಒಂದು ಫೋನ್ ಚಾರ್ಜ್ ಮಾಡಿದರೂ ಅದೇ ಸದ್ದು, ಅದೇ ವೇಗ. ಇನ್ವರ್ಟರ್ ಜನರೇಟರ್‌ನಲ್ಲಿ ಬಂದ ಕರೆಂಟನ್ನ ಮೊದಲು ಡಿಸಿ ಮಾಡಿ, ಆಮೇಲೆ ಎಲೆಕ್ಟ್ರಾನಿಕ್ಸ್‌ನಿಂದ ಶುದ್ಧ 50 ಹರ್ಟ್ಸ್ ಅಲೆ ಮಾಡ್ತಾರೆ. ಹಾಗಾಗಿ ಲೋಡ್ ಕಡಿಮೆ ಇದ್ದರೆ ಎಂಜಿನ್ ನಿಧಾನ, ಸದ್ದು ಕಡಿಮೆ, ಪೆಟ್ರೋಲ್ ಕಡಿಮೆ. ಲ್ಯಾಪ್‌ಟಾಪ್, ಸಿಪ್ಯಾಪ್ ಥರದ ನಾಜೂಕು ಸಾಮಾನಿಗೆ ಇದೇ ಬೇಕು.

ನಾನು ತಗೊಂಡಿದ್ದು 2 ಕೆವಿಎ ಆಸುಪಾಸಿನ ವರ್ಗ. ಈ ವರ್ಗಕ್ಕೆ ಎಲ್ಲರಿಗೂ ಗೊತ್ತಿರೋ ಉದಾಹರಣೆ ಹೋಂಡಾ ಇಯು 22ಐ: ಸುಮಾರು 21 ಕೆಜಿ, 3.6 ಲೀಟರ್ ಟ್ಯಾಂಕ್, ಗರಿಷ್ಠ 2200 ವ್ಯಾಟ್. ಆದರೆ ನಿರಂತರವಾಗಿ ಕೊಡೋದು 1800. ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿರೋದು ಸಾಮಾನ್ಯವಾಗಿ ಗರಿಷ್ಠ. ನೀವು ಲೆಕ್ಕ ಹಾಕಬೇಕಾದದ್ದು ನಿರಂತರದ ಸಂಖ್ಯೆ. 3 ಕೆವಿಎ ವರ್ಗಕ್ಕೆ ಹೋದರೆ ಕೆಲವದರ ತೂಕ 60 ಕೆಜಿ ಹತ್ತಿರ ಹೋಗುತ್ತೆ. ನಲವತ್ತು ದಾಟಿದ ನನ್ನ ಸೊಂಟ, ದಿನಾ ಇಳಿಸಿ ಹತ್ತಿಸಬೇಕು. ಮುಂದೆ ಜಾಸ್ತಿ ಬೇಕಾದ್ರೆ ಎರಡು ಚಿಕ್ಕವನ್ನ ಪ್ಯಾರಲಲ್ ಕೇಬಲ್‌ನಿಂದ ಜೋಡಿಸೋ ಸೌಲಭ್ಯ ಇರೋದನ್ನ ನೋಡಿ ತಗೊಳ್ಳಿ.

ಇಲ್ಲಿ ಒಂದು ಮಾತು. "ಡಾಲಸ್‌ನಲ್ಲಿರೋ ಭಾವ ಬರ್ತಿದ್ದಾರೆ, ಅವರ ಕೈಲಿ ತರಿಸ್ತೀನಿ, ಅಲ್ಲಿ ಸಸ್ತಾ" ಅಂತ ಒಬ್ಬರು ಮೆಸೇಜ್ ಮಾಡಿದ್ರು. ಬೇಡ. ಅಲ್ಲಿನದು 120 ವೋಲ್ಟ್, 60 ಹರ್ಟ್ಸ್. ಒಮ್ಮೆ ಪೆಟ್ರೋಲ್ ಹಾಕಿದ ಎಂಜಿನ್ನನ್ನ ವಿಮಾನದ ಲಗೇಜ್‌ನಲ್ಲಿ ತಗೊಳ್ಳೋದೂ ಇಲ್ಲ. ಭಾವನ ಕೈಲಿ ಚಾಕೊಲೇಟ್ ತರಿಸಿ.

ಖರ್ಚು. ಈ ಗಾತ್ರದ ಮಷೀನು ಒಂದು ಲೀಟರ್ ಪೆಟ್ರೋಲ್‌ಗೆ ಒಂದರಿಂದ ಒಂದೂವರೆ ಯೂನಿಟ್ ಕೊಡುತ್ತೆ. ಲೀಟರ್‌ಗೆ ನೂರು ರೂಪಾಯಿ ದಾಟಿರೋವಾಗ ಒಂದು ಯೂನಿಟ್‌ಗೆ 70ರಿಂದ 100 ರೂಪಾಯಿ ಅಂತಿಟ್ಕೊಳ್ಳಿ. ಲೋಡ್ ಜಾಸ್ತಿ ಇದ್ದಾಗ ಲೀಟರ್‌ಗೆ ಜಾಸ್ತಿ ಯೂನಿಟ್, ಕಡಿಮೆ ಇದ್ದಾಗ ಕಡಿಮೆ. ಹಾಗಾಗಿ ರಾತ್ರಿಯಿಡೀ ಗುನುಗುಡ್ತಾ ಓಡಿಸೋದಕ್ಕಿಂತ ಹಗಲು ಎರಡು ಮೂರು ಗಂಟೆ ಚೆನ್ನಾಗಿ ದುಡಿಸೋದೇ ಮೇಲು. ನನ್ನ 60 ಆಂಪ್ ಚಾರ್ಜರ್ ಸುಮಾರು 950 ವ್ಯಾಟ್ ಎಳೆಯುತ್ತೆ, ಖಾಲಿಯಾಗೋಕೆ ಬಂದ ಬ್ಯಾಟರಿ ಮೂರು ಗಂಟೆಯಲ್ಲಿ ತುಂಬುತ್ತೆ, ಎರಡು ಲೀಟರ್ ಪೆಟ್ರೋಲು. ರಾತ್ರಿಯೆಲ್ಲಾ ಏಸಿ ಓಡಿಸಿದರೆ ನಾಲ್ಕು ಲೀಟರ್ ಬೇಕು, ಟ್ಯಾಂಕೇ 3.6. ಅಂದರೆ ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಕತ್ತಲಲ್ಲಿ, ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸುರೀಬೇಕು.

ಗಾಡಿ ಓಡ್ತಿರುವಾಗ ಆಲ್ಟರ್ನೇಟರ್‌ನಿಂದ 30 ಆಂಪ್ ಬ್ಯಾಟರಿಗೆ ಬರೋ ಹಾಗೆ ಡಿಸಿ ಚಾರ್ಜರ್ ಹಾಕಿಸಿದ್ದೀನಿ. ದಿನಕ್ಕೆ ನಾಲ್ಕೈದು ಗಂಟೆ ಪ್ರಯಾಣ ಇದ್ದರೆ ಜನರೇಟರ್ ಇಳಿಸೋದೇ ಬೇಡ. ನಿಜ ಹೇಳ್ಬೇಕಂದ್ರೆ ನಿಮ್ಮಲ್ಲಿ ಅರ್ಧ ಜನಕ್ಕೆ ಜನರೇಟರ್ ಬೇಕಾಗೇ ಇಲ್ಲ. ಒಂದೇ ಜಾಗದಲ್ಲಿ ಎರಡು ಮೂರು ದಿನ ನಿಲ್ಲೋರಿಗೆ, ಮಳೆಗಾಲದಲ್ಲಿ ಸೋಲಾರ್ ನಂಬಕ್ಕಾಗದೆ ಇರೋರಿಗೆ, ಗಾಡಿಯಿಂದಲೇ ಆಫೀಸ್ ಕೆಲಸ ಮಾಡೋರಿಗೆ ಬೇಕು.

ಎತ್ತರ ಮರೀಬೇಡಿ. ಪ್ರತಿ 300 ಮೀಟರ್‌ಗೆ ಸುಮಾರು ಮೂರೂವರೆ ಶೇಕಡಾ ಶಕ್ತಿ ಕಳೆಯುತ್ತೆ. ಮಹಾಬಳೇಶ್ವರ ಸುಮಾರು 1350 ಮೀಟರ್. ಅಲ್ಲಿ ನನ್ನ 1800 ಹತ್ತಿರ ಹತ್ತಿರ 1500 ಆಯ್ತು. ಮಧ್ಯಾಹ್ನ ಏಸಿ ಹಾಕಿ, ಚಾರ್ಜರ್ ಹಾಕಿ, ಅಮ್ಮ ಚಟ್ನಿಗೆ ಮಿಕ್ಸಿ ಒತ್ತಿದ್ರು. ಠಪ್ ಅಂತ ಎಲ್ಲಾ ಬಂದ್. ಅವರು ಇನ್ನೂ ತಪ್ಪು ಮಿಕ್ಸಿದೇ ಅಂತ ನಂಬಿದ್ದಾರೆ. ಈಗ ಚಾರ್ಜರ್ ಕರೆಂಟನ್ನ ಅರ್ಧಕ್ಕೆ ಇಳಿಸೋ ಸ್ವಿಚ್ ಹಾಕಿಸಿದ್ದೀನಿ.

ಸದ್ದಿನ ಬಗ್ಗೆ ಕರಪತ್ರದಲ್ಲಿ ಬರೆಯೋ ಡೆಸಿಬೆಲ್ ಸಾಮಾನ್ಯವಾಗಿ ಏಳು ಮೀಟರ್ ದೂರದಲ್ಲಿ, ಕಾಲು ಲೋಡ್‌ನಲ್ಲಿ ಅಳೆದಿದ್ದು. ಪೂರ್ತಿ ಲೋಡ್‌ನ ಸಂಖ್ಯೆ ಕೇಳಿ. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಕಾನೂನಿನ ಮಿತಿ 45 ಡೆಸಿಬೆಲ್, ಪಕ್ಕದ ಟೆಂಟಿನವರ ಶಾಪ ಬೇರೆ.

ಪೆಟ್ರೋಲ್ ಟ್ಯಾಂಕಲ್ಲಿ ಬಿಟ್ಟು ಮೂರು ತಿಂಗಳು ಮರೆತುಬಿಡಬೇಡಿ. ಈಗ ಬರೋ ಪೆಟ್ರೋಲ್‌ನಲ್ಲಿ 20 ಶೇಕಡಾ ಎಥನಾಲ್, ಅದು ನೀರು ಹೀರುತ್ತೆ, ಕಾರ್ಬ್ಯುರೇಟರ್ ಕಟ್ಟಿಕೊಳ್ಳುತ್ತೆ. ಪ್ರವಾಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಉಳಿದಿದ್ದು ತಾನಾಗೇ ಮುಗಿದು ನಿಲ್ಲೋವರೆಗೆ ಓಡಿಸಿ ಇಡಿ. ಎಂಜಿನ್ ಆಯಿಲ್ ಮೊದಲ ಸಲ ಬೇಗ ಬದಲಾಯಿಸಬೇಕು, ಪುಸ್ತಕ ನೋಡಿ.

ಇನ್ನು ಇಡೋ ಜಾಗ. ಹತ್ತು ಮೀಟರ್ ಉದ್ದದ ದಪ್ಪ ಕೇಬಲ್ ಮಾಡಿಸಿದ್ದೀನಿ. ಬಾಗಿಲು, ಕಿಟಕಿಯಿಂದ ಕನಿಷ್ಠ ಆರು ಮೀಟರ್ ಅಂದರೆ 20 ಅಡಿ ದೂರ, ಹೊಗೆ ಕೊಳವೆ ಗಾಡಿಯಿಂದ ಆಚೆ ಮುಖ. ಕೇಬಲ್ ಕಿಟಕಿಯಿಂದ ಬರಲ್ಲ. ಗಾಡಿಯ ಮೈಗೆ ಮುಚ್ಚಳ ಇರೋ ಸಾಕೆಟ್ ಕೂರಿಸಿದ್ದೀವಿ. ಒಳಗೆ ಮಲಗೋ ಎತ್ತರದಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದೆ. ಗ್ಯಾಸ್ ಲೀಕ್ ಅಲಾರಂ ಬೇರೆ, ಇದು ಬೇರೆ, ಅಂಗಡಿಯವರು ಅದನ್ನೇ ಇದು ಅಂತ ಕೊಡ್ತಾರೆ, ಹೆಸರು ಓದಿ ತಗೊಳ್ಳಿ. ಅಮೆರಿಕದ ಮಾರುಕಟ್ಟೆಯ ಹೊಸ ಮಷೀನುಗಳಲ್ಲಿ ಈ ಅನಿಲ ಜಾಸ್ತಿಯಾದರೆ ತಾನೇ ನಿಲ್ಲೋ ಸೆನ್ಸರ್ ಬರುತ್ತೆ. ಇಲ್ಲಿ ಎಲ್ಲದರಲ್ಲೂ ಇರಲ್ಲ, ಕೇಳಿ ನೋಡಿ. ಇದ್ದರೂ ಅಲಾರಂ ತಗೊಳ್ಳಿ.

ಮೇ ತಿಂಗಳ ಸೆಕೆಗೆ ಏನು ಮಾಡ್ತೀರ ಅಂತ ಕೇಳ್ತೀರಿ. ಮಧ್ಯಾಹ್ನ ಎಲ್ಲರೂ ಎದ್ದಿರುವಾಗ ಜನರೇಟರ್‌ನಲ್ಲಿ ಏಸಿ. ರಾತ್ರಿಗೆ 16 ಆಂಪ್ ಸಾಕೆಟ್ ಕೊಡೋ ಹೋಮ್‌ಸ್ಟೇ ಅಂಗಳ ಹುಡುಕ್ತೀವಿ, ಸ್ವಲ್ಪ ದುಡ್ಡು ಕೊಟ್ಟರೆ ಬಹಳಷ್ಟು ಜನ ಕೊಡ್ತಾರೆ. ಸಿಗದಿದ್ರೆ ಘಾಟ್ ಮೇಲೇ ಉಳ್ಕೊಂಡು ಬೆಳಗ್ಗೆ ಇಳೀತೀವಿ. ಹೋದ ವರ್ಷ ಯಲ್ಲಾಪುರದಲ್ಲಿ ಹಾಗೇ ಮಾಡಿದ್ವಿ. ರಾತ್ರಿ ಫ್ಯಾನ್ ಸದ್ದು, ಅಪ್ಪನ ಮಷೀನಿನ ಉಸಿರು, ಅಷ್ಟೇ. ನಾನು ಮಾತ್ರ ಎರಡು ಸಲ ಎದ್ದು ಅಲಾರಂನ ಹಸಿರು ದೀಪ ನೋಡಿದೆ. ಜನರೇಟರ್ ಡಿಕ್ಕಿಯಲ್ಲಿತ್ತು, ಆಫ್ ಆಗಿತ್ತು, ಗೊತ್ತಿದ್ದರೂ.

ಲೋಡ್ ಲೆಕ್ಕದ ಶೀಟನ್ನ ವಿಡಿಯೋ ಕೆಳಗೆ ಹಾಕಿದ್ದೀನಿ, ನಿಮ್ಮ ಸಾಮಾನಿನ ವ್ಯಾಟ್ ತುಂಬಿ ನೋಡಿ. ಈಗ ಪ್ರಶ್ನೆ ಇದ್ದರೆ ಕೇಳಿ. ಹಾಂ, ಅಲ್ಲಿ ಹಿಂದೆ ನೀಲಿ ಶರ್ಟಿನವರು, ಹೇಳಿ ಸರ್.