ಲ್ಯಾಬಿನ ಬೀಗದ ಕೈ ಕೇಳಿ

ಹದಿನೆಂಟು ತುಂಬಿ ಮೊದಲ ಸಲ ಮತಗಟ್ಟೆಗೆ ಹೋದಾಗ, ಗುಂಡಿ ಒತ್ತುವ ಮುನ್ನ ಮತಯಂತ್ರವನ್ನೊಮ್ಮೆ ಸರಿಯಾಗಿ ನೋಡಿ. ಅಭ್ಯರ್ಥಿಯ ಹೆಸರು, ಪಕ್ಕದಲ್ಲಿ ಚಿಹ್ನೆ, ಅದೇ ಸಾಲಿನಲ್ಲಿ ನೀಲಿ ಗುಂಡಿ. ಒತ್ತಿದೊಡನೆ ಕೆಂಪು ದೀಪ ಹೊತ್ತಿಕೊಳ್ಳುತ್ತದೆ, ಉದ್ದನೆಯ ಬೀಪ್ ಸದ್ದು ಕೇಳುತ್ತದೆ. ಓದು ಬಾರದ ಅಜ್ಜಿಗೂ ತನ್ನ ಮತ ಬಿತ್ತೆಂದು ತಿಳಿಯುತ್ತದೆ. ಕರೆಂಟು ಬಾರದ ಕಾಡಂಚಿನ ಹಾಡಿಯಲ್ಲೂ ಅದು ಬ್ಯಾಟರಿಯಿಂದ ನಡೆಯುತ್ತದೆ. ಯಂತ್ರ ತಯಾರಾಗುವುದು ಬೆಂಗಳೂರಿನ ಬಿಇಎಲ್‌ನಲ್ಲಿ, ಹೈದರಾಬಾದಿನ ಇಸಿಐಎಲ್‌ನಲ್ಲಿ. ಅದರ ಮೈಕಟ್ಟು ಹೇಗಿರಬೇಕು, ಗುಂಡಿ ಎಲ್ಲಿರಬೇಕು ಎಂದು ತಲೆ ಕೆಡಿಸಿಕೊಂಡವರು ಐಐಟಿ ಬಾಂಬೆಯಲ್ಲಿ 1969ರಲ್ಲಿ ಶುರುವಾದ ಇಂಡಸ್ಟ್ರಿಯಲ್ ಡಿಸೈನ್ ಸೆಂಟರಿನ ಅಧ್ಯಾಪಕರು. ಈ ಕೆಲಸಕ್ಕೆ ಕೈಗಾರಿಕಾ ವಿನ್ಯಾಸ ಎಂದು ಹೆಸರು. ಇದನ್ನು ಕಲಿಯಲು ನೀವು ಪದವಿಯವರೆಗೆ ಕಾಯಬೇಕಿಲ್ಲ. ಎಂಟನೇ ತರಗತಿಯಲ್ಲೇ ಕೈ ಹಚ್ಚಬಹುದು, ಹಚ್ಚಲೇಬೇಕು ಎಂದು ಹೇಳಲು ಇದನ್ನು ಬರೆಯುತ್ತಿದ್ದೇನೆ.

ಸ್ವತಂತ್ರ ಭಾರತದಲ್ಲಿ ಈ ವಿದ್ಯೆಯ ಕಥೆ ನಮ್ಮ ನಿಮ್ಮ ಮನೆಯ ಚೊಂಬಿನ ಸುತ್ತ ಶುರುವಾಗುತ್ತದೆ. 1958ರಲ್ಲಿ ಭಾರತ ಸರ್ಕಾರದ ಕೋರಿಕೆಯಂತೆ ಅಮೆರಿಕದ ವಿನ್ಯಾಸಕಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಇಲ್ಲಿಯ ಊರುಗಳನ್ನು ಸುತ್ತಿ ವರದಿಯೊಂದನ್ನು ಕೊಟ್ಟರು. ಕಂಡ ವಸ್ತುಗಳಲ್ಲೆಲ್ಲ ಅವರು ಬಹುವಾಗಿ ಮೆಚ್ಚಿದ್ದು ಚೊಂಬನ್ನು. ಮೆಚ್ಚಿ ಸುಮ್ಮನಾಗಲಿಲ್ಲ. ಅಂಥದ್ದೊಂದನ್ನು ಇಂದು ಹೊಸದಾಗಿ ರೂಪಿಸುವವರು ಏನೇನು ಕೇಳಿಕೊಳ್ಳಬೇಕಾದೀತು ಎಂದು ಪ್ರಶ್ನೆಗಳ ಸರಮಾಲೆಯನ್ನೇ ಪೋಣಿಸಿದರು. ಅದರಲ್ಲಿ ಎಷ್ಟು ನೀರು ಹಿಡಿಯಬೇಕು? ಹಿಡಿಯುವ ಕೈ ಹೆಂಗಸಿನದೋ ಗಂಡಸಿನದೋ, ಎಷ್ಟು ದೊಡ್ಡದು, ಎಷ್ಟು ಬಲದ್ದು? ಹೊರುವುದು ತಲೆಯ ಮೇಲೋ, ಸೊಂಟದಲ್ಲೋ, ಕೈಯಲ್ಲೋ, ಗಾಡಿಯಲ್ಲೋ? ಖಾಲಿ ಇದ್ದಾಗ ಅದರ ತೂಕ ಎಲ್ಲಿ ಕೂರುತ್ತದೆ, ತುಂಬಿದಾಗ ಎಲ್ಲಿ, ಬಗ್ಗಿಸಿ ಸುರಿಯುವಾಗ ಎಲ್ಲಿ? ಒಳಗೆ ಕೈ ಹಾಕಿ ತೊಳೆಯಲು ಬರುತ್ತದೆಯೇ? ನೆಲಕ್ಕೆ ತಗುಲಿದಾಗ ಯಾವ ಸದ್ದು ಬರುತ್ತದೆ, ಮುಟ್ಟಿದರೆ ಹೇಗನಿಸುತ್ತದೆ, ಬೆಲೆ ಎಷ್ಟಾಗುತ್ತದೆ? ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅಂದರೆ ಎನ್‌ಐಡಿ, ತಲೆಯೆತ್ತಿತು.

ಈ ಪ್ರಶ್ನೆಗಳನ್ನು ಇನ್ನೊಮ್ಮೆ ಓದಿ. ಗುರುತ್ವ ಕೇಂದ್ರ ನಿಮ್ಮ ವಿಜ್ಞಾನದ ಪಾಠ. ಘನಫಲ ನಿಮ್ಮ ಗಣಿತದ ಪಾಠ. ಹಿತ್ತಾಳೆಯ ದರ ಪಾತ್ರೆ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ. ಅಮ್ಮನ ಕೈ ಎಷ್ಟು ಭಾರ ತಡೆಯುತ್ತದೆ ಎಂಬುದು ಮನೆಯಲ್ಲೇ ಗೊತ್ತಾಗುತ್ತದೆ. ನೀವು ಇವನ್ನೆಲ್ಲ ಬೇರೆ ಬೇರೆ ಪೀರಿಯಡ್ಡಿನಲ್ಲಿ, ಬೇರೆ ಬೇರೆ ನೋಟ್‌ಬುಕ್ಕಿನಲ್ಲಿ ಕಲಿಯುತ್ತಿದ್ದೀರಿ. ಒಂದು ವಸ್ತುವನ್ನು ಕೈಯಾರೆ ಮಾಡಲು ಕೂತ ದಿನ ಅವೆಲ್ಲ ಒಂದೇ ಮೇಜಿನ ಮೇಲೆ ಬಂದು ಸೇರುತ್ತವೆ. ಗಣಿತ ಯಾಕೆ ಕಲಿಯಬೇಕು ಎಂದು ಆಮೇಲೆ ನೀವು ಯಾರನ್ನೂ ಕೇಳುವುದಿಲ್ಲ.

ಹಿರಿಯರಿಗೆ ಇದು ಹೊಳೆದಿರಲಿಲ್ಲವೆಂದಲ್ಲ. ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ಇಂದು ಕಾವೇರಿ ಎಂಪೋರಿಯಂ ಇರುವ ಚೆಂದದ ಕಟ್ಟಡವನ್ನು ಅರಸರು ಕಟ್ಟಿಸಿದ್ದು ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಗಾಗಿ, ಕುಶಲಕಲೆ ಕಲಿಸಲೆಂದು. 1937ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ಶಿಕ್ಷಣ ತಜ್ಞರನ್ನು ಸೇರಿಸಿ, ಕೈಕಸುಬಿನ ಮೂಲಕವೇ ಪಾಠ ಆಗಬೇಕೆಂದರು. 1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ಶಾಲೆಯಲ್ಲಿ ಕಾರ್ಯಾನುಭವ ಇರಲೇಬೇಕೆಂದಿತು. ಆದರೂ ನಮ್ಮ ಶಾಲೆಗಳಲ್ಲಿ ಕ್ರಾಫ್ಟ್ ಪೀರಿಯಡ್ಡು ಮೂಲೆಗೆ ಸರಿಯಿತು, ಪರೀಕ್ಷೆ ಹತ್ತಿರ ಬಂದಾಗ ಗಣಿತದವರೋ ಇಂಗ್ಲಿಷಿನವರೋ ಅದನ್ನು ಕೇಳಿ ಪಡೆದರು. ಓದು ತಲೆಗೆ ಹತ್ತದವನಿಗೆ ಕೈಕೆಲಸ ಎಂಬ ಮಾತು ಊರೂರಲ್ಲಿ ಹಬ್ಬಿತು. ಈ ಮಾತು ನಮ್ಮನ್ನು ಹಾಳು ಮಾಡಿದಷ್ಟು ಬಡತನವೂ ಮಾಡಿಲ್ಲ ಎಂದು ನಾನು ನಂಬಿದ್ದೇನೆ. ಬಡಗಿಗಳ, ಕಮ್ಮಾರರ, ಕುಂಬಾರರ ಮಕ್ಕಳು ತಮ್ಮ ಅಪ್ಪನ ಕೈಯ ಜಾಣ್ಮೆಯನ್ನು ತರಗತಿಯ ಹೊರಗೆ ಬಿಟ್ಟು ಒಳಗೆ ಬರಬೇಕಾಯಿತು. ಆ ಮಕ್ಕಳಿಗೆ ಇಂದು ಹೇಳುತ್ತೇನೆ: ಉಳಿದವರಿಗಿಂತ ಒಂದು ಪಾಠ ನಿಮಗೆ ಮುಂದಾಗಿಯೇ ಬಂದಿದೆ, ಅದನ್ನು ಒಳಗೆ ತನ್ನಿ.

ಕಾಲವೂ ಈಗ ನಿಮ್ಮ ಕಡೆಗಿದೆ. 2016ರಿಂದ ದೇಶದ ಶಾಲೆಗಳಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್‌ಗಳು ಬಂದಿವೆ. ಆರರಿಂದ ಹನ್ನೆರಡನೇ ತರಗತಿಯ ಮಕ್ಕಳಿಗಾಗಿ ಒಂದೊಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ ನೆರವು. 3ಡಿ ಪ್ರಿಂಟರು, ಸೆನ್ಸರುಗಳು, ಮೋಟಾರು, ಡ್ರಿಲ್ಲು. 2025ರ ಬಜೆಟ್ಟಿನಲ್ಲಿ, ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಿಗೆ ಇನ್ನೂ 50,000 ಲ್ಯಾಬ್ ಕೊಡುವುದಾಗಿ ಕೇಂದ್ರ ಸರ್ಕಾರ ಹೇಳಿದೆ. 2020ರ ಶಿಕ್ಷಣ ನೀತಿಯಂತೆ ಆರರಿಂದ ಎಂಟನೇ ತರಗತಿಯವರು ಹತ್ತು ದಿನ ಬ್ಯಾಗಿಲ್ಲದೆ ಊರ ಕುಶಲಕರ್ಮಿಗಳ ಬಳಿ ಕಲಿಯಬೇಕು. ಚನ್ನಪಟ್ಟಣದ ಸುತ್ತಮುತ್ತಲ ಮಕ್ಕಳು ಅಲ್ಲಿಯ ಲೇತಿನ ಮುಂದೆ ಅರ್ಧ ದಿನ ನಿಂತರೂ ಸಾಕು: ತಿರುಗುವ ಹಾಲೆಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದಾಗ ಘರ್ಷಣೆಯ ಬಿಸಿಗೇ ಅರಗು ಕರಗಿ ಬಣ್ಣ ಹತ್ತುವುದನ್ನು ಕಂಡವರಿಗೆ ಆ ಪಾಠ ಮರೆಯುವುದಿಲ್ಲ.

ಆದರೆ ಲ್ಯಾಬ್ ಬಂದ ಮಾತ್ರಕ್ಕೆ ವಿನ್ಯಾಸ ಬರುವುದಿಲ್ಲ. ಕಿಟ್ಟಿನ ಜೊತೆ ಬಂದ ಪುಸ್ತಕ ನೋಡಿ ರೋಬೋ ಜೋಡಿಸಿ, ಅಧಿಕಾರಿಗಳು ಬಂದ ದಿನ ಓಡಿಸಿ ತೋರಿಸಿ, ಮತ್ತೆ ಬೀರುವಿಗಿಟ್ಟು ಬೀಗ ಹಾಕಿದರೆ ಬೇರೆಯವರು ಯೋಚಿಸಿದ್ದನ್ನು ನೀವು ಪುನಃ ಜೋಡಿಸಿದಿರಿ, ಅಷ್ಟೇ. ವಿನ್ಯಾಸ ಶುರುವಾಗುವುದು ಒಬ್ಬರ ಕಷ್ಟ ನಿಮ್ಮ ಕಣ್ಣಿಗೆ ಬಿದ್ದಾಗ.

ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರ ಹೆಸರು ಕೇಳಿದ್ದೀರಾ? ಕೃಷಿ ಪದವಿ ಓದುವ ಅವರ ಆಸೆ ಕೈಗೂಡಲಿಲ್ಲ. ಹುಡುಗನಾಗಿದ್ದಾಗ ಬೆಳಗ್ಗೆ ಎಚ್ಚರವಾಗುತ್ತಿರಲಿಲ್ಲವೆಂದು ಅಲಾರಂ ಗಡಿಯಾರದ ಕೀಲಿಗೆ ದಾರ ಕಟ್ಟಿ, ಅದು ತಿರುಗಿದಾಗ ಬಾಟಲಿಯ ನೀರು ಮುಖದ ಮೇಲೆ ಬೀಳುವ ಹಾಗೆ ಮಾಡಿಕೊಂಡರು. ಮುಂದೆ ಬೆದ್ದಲು ನೆಲದಲ್ಲಿ ಹುಣಸೆ ಬೆಳೆದರು. ಹುಣಸೆಯ ಬೀಜ ಬಿಡಿಸುವುದು ಎಷ್ಟು ಬೇಸರದ, ಬೆರಳು ನೋಯುವ ಕೆಲಸವೆಂದು ಅದನ್ನು ಮಾಡಿದ ಅಜ್ಜಿಯರನ್ನು ಕೇಳಿ. ನಡಕಟ್ಟಿನ ಅವರು ಅದಕ್ಕೊಂದು ಯಂತ್ರ ಮಾಡಿದರು. ಬಿತ್ತನೆಗೆ ಬೀಜ ಗೊಬ್ಬರ ಒಟ್ಟಿಗೆ ಬೀಳುವ ಕೂರಿಗೆ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರಿಗೆ ಟಿಂಕರಿಂಗ್ ಲ್ಯಾಬ್ ಇರಲಿಲ್ಲ. ಆ ಕಣ್ಣಿಗೆ ನಿಮ್ಮ ಶಾಲೆಯ ಉಪಕರಣಗಳೂ ಸೇರಿದ್ದರೆ ಎಂದು ಯೋಚಿಸಿದಾಗೆಲ್ಲ ನನಗೆ ರೋಮಾಂಚನವಾಗುತ್ತದೆ.

ಹಾಗಾದರೆ ಕಷ್ಟಗಳನ್ನು ಎಲ್ಲಿ ಹುಡುಕುವುದು? ನಿಮ್ಮ ಶಾಲೆಯ ಬಿಸಿಯೂಟದ ಕೋಣೆಗೆ ಹೋಗಿ. ಕುದಿಯುವ ಸಾರಿನ ದೊಡ್ಡ ಪಾತ್ರೆಯನ್ನು ಅಡುಗೆ ಮಾಡುವ ಅಮ್ಮಂದಿರು ಹೇಗೆ ಇಳಿಸುತ್ತಾರೆ ನೋಡಿ. ಯಾವ ಗಳಿಗೆಯಲ್ಲಿ ಬೆನ್ನು ಬಾಗುತ್ತದೆ, ಬಟ್ಟೆ ಜಾರುತ್ತದೆ, ಬಿಸಿ ಎಲ್ಲಿ ತಾಗುತ್ತದೆ? ಅವರನ್ನೇ ಕೇಳಿ, ಇಪ್ಪತ್ತು ವರ್ಷ ಪಾತ್ರೆ ಇಳಿಸಿದವರಿಗೆ ಯಾವ ಎಂಜಿನಿಯರಿಗಿಂತಲೂ ಹೆಚ್ಚು ಗೊತ್ತಿರುತ್ತದೆ. ಆಮೇಲೆ ಪಾತ್ರೆಯನ್ನು ಸುಲಭವಾಗಿ ಇಳಿಸುವ ಸಾಧನವೊಂದನ್ನು ಬರೆದು ತೋರಿಸಿ. ಚಿತ್ರ ಚೆಂದ ಬರದಿದ್ದರೆ ಚಿಂತೆಯಿಲ್ಲ, ಅಳತೆ ಸರಿಯಿರಲಿ. ರಟ್ಟಿನಲ್ಲಿ, ಬಿದಿರಿನಲ್ಲಿ, ಹಳೇ ಸೈಕಲ್ ಟ್ಯೂಬಿನಲ್ಲಿ ಒಂದು ಮಾದರಿ ಮಾಡಿ, ತಣ್ಣೀರು ತುಂಬಿದ ಪಾತ್ರೆಯ ಮೇಲೆ ಪರೀಕ್ಷಿಸಿ. ಮುರಿಯುತ್ತದೆ. ಎಲ್ಲಿ ಮುರಿಯಿತೆಂದು ಬರೆದಿಟ್ಟುಕೊಂಡು ಇನ್ನೊಂದು ಮಾಡಿ. ನಿಮ್ಮ ಶಾಲೆಯಲ್ಲಿ ಲ್ಯಾಬ್ ಇಲ್ಲದಿದ್ದರೆ ಬಸ್‌ಸ್ಟ್ಯಾಂಡಿನ ಹತ್ತಿರ ವೆಲ್ಡಿಂಗ್ ಅಂಗಡಿ ಇದ್ದೇ ಇರುತ್ತದೆ. ಅಣ್ಣಾ, ಇದನ್ನು ಹೇಗೆ ಕೂಡಿಸುವುದು ಎಂದು ಕೇಳಿದರೆ ಬೇಡವೆನ್ನುವ ಕೆಲಸಗಾರ ಅಪರೂಪ.

ಹುಡುಗಿಯರೇ, ನಿಮಗೆ ವಿಶೇಷವಾಗಿ. ಡ್ರಿಲ್ಲು ಹಿಡಿಯುವುದು ಹುಡುಗರು, ಚಾರ್ಟು ಬರೆಯುವುದು ಹುಡುಗಿಯರು ಎಂಬ ಹಂಚಿಕೆಗೆ ದಯವಿಟ್ಟು ಒಪ್ಪಬೇಡಿ. ನೀರು ಹೊರುವ, ಒಲೆ ಊದುವ, ಕಳೆ ಕೀಳುವ ಕೆಲಸಗಳ ಸಲಕರಣೆಗಳು ಇಂದಿಗೂ ಒರಟಾಗಿ ಉಳಿದಿರುವುದು ಅವನ್ನು ಬಳಸುವವರು ಅವನ್ನು ರೂಪಿಸುವ ಕೋಣೆಯಲ್ಲಿ ಇಲ್ಲದ ಕಾರಣಕ್ಕೆ. ಆ ಕೋಣೆಯಲ್ಲಿ ನೀವಿರಬೇಕು.

ಮುಂದೇನು ಎಂದು ಮನೆಯಲ್ಲಿ ಕೇಳುತ್ತಾರೆ, ಕೇಳಬೇಕಾದದ್ದೇ. ಉತ್ತರ ಕೊಡಿ. ವಿನ್ಯಾಸ ಪದವಿಯ ಪ್ರವೇಶಕ್ಕಾಗಿ ಐಐಟಿ ಬಾಂಬೆ ನಡೆಸುವ ಯುಸೀಡ್ ಪರೀಕ್ಷೆಯನ್ನು ಪಿಯುಸಿಯಲ್ಲಿ ಕಲೆ, ವಾಣಿಜ್ಯ, ವಿಜ್ಞಾನ ಯಾವುದನ್ನು ಓದಿದವರೂ ಬರೆಯಬಹುದು. ಎನ್‌ಐಡಿಗೂ ಪ್ರತ್ಯೇಕ ಪ್ರವೇಶ ಪರೀಕ್ಷೆ ಇದೆ. ಎಸ್ಸೆಸ್ಸೆಲ್ಸಿ ಮುಗಿಸಿ ನೇರ ಯಂತ್ರದ ಮುಂದೆ ನಿಲ್ಲಬೇಕೆನ್ನುವವರಿಗೆ, ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ ಈಗ ಹಲವು ಜಿಲ್ಲೆಗಳಲ್ಲಿರುವ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ, ಅಂದರೆ ಜಿಟಿಟಿಸಿಯ, ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಇದೆ, ಐಟಿಐಗಳಿವೆ. ಕಿರಿಯ ತಾಂತ್ರಿಕ ಶಾಲೆಗಳ ಮಕ್ಕಳು ಎಸ್ಸೆಸ್ಸೆಲ್ಸಿಯಲ್ಲೇ ಎಂಜಿನಿಯರಿಂಗ್ ಗ್ರಾಫಿಕ್ಸ್ ಬರೆಯುತ್ತಾರೆ. ಅವರಿಗೆ ಬರುವುದು ಎಲ್ಲ ಹೈಸ್ಕೂಲುಗಳ ಮಕ್ಕಳಿಗೂ ಬರುತ್ತದೆ. ಅದನ್ನು ಕಲಿಸಿ ಎಂದು ನೀವೇ ಕೇಳಬೇಕು, ಎಸ್‌ಡಿಎಂಸಿ ಸಭೆಯಲ್ಲಿ ನಿಮ್ಮ ಅಪ್ಪ ಅಮ್ಮಂದಿರಿಂದ ಕೇಳಿಸಬೇಕು.

ನಾಳೆ ಬಿಡುವಿನ ಹೊತ್ತಿನಲ್ಲಿ ಅಳತೆಪಟ್ಟಿ ಹಿಡಿದು ಹೊರಡಿ. ಒಂದನೇ ತರಗತಿಯ ಹತ್ತು ಪುಟಾಣಿಗಳ ಎತ್ತರ ಅಳೆಯಿರಿ, ಅವರ ತೋಳು ಎಲ್ಲಿಯವರೆಗೆ ಚಾಚುತ್ತದೆಂದು ಅಳೆಯಿರಿ. ಅವರು ಕೈ ತೊಳೆಯುವ ನಲ್ಲಿ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಪಕ್ಕದಲ್ಲಿ ಬರೆಯಿರಿ. ಆ ಹಾಳೆಯನ್ನು ಹೆಡ್‌ಮಾಸ್ಟರ ಮೇಜಿನ ಮೇಲಿಟ್ಟು, ಸರ್, ಇದನ್ನು ಸರಿ ಮಾಡುತ್ತೇವೆ, ಲ್ಯಾಬಿನ ಬೀಗದ ಕೈ ಕೊಡಿ ಎಂದು ಕೇಳಿ.