ಗಡಿಸೀಮೆಯ ಗುಡಿಗಳು ಕಲಿಸುವ ಪಾಠ



ಬಿಂಡಿಗನವಿಲೆ ಎಂದೊಡನೆ ನಾಗಮಂಗಲ ಸೀಮೆಯ ಜನರಿಗೆ ಅಲ್ಲಿನ ಗರುಡ ನೆನಪಾಗುತ್ತಾನೆ. ಶಾಸನಗಳನ್ನು ಓದುವವರಿಗೆ ನೆನಪಾಗುವುದು ಇನ್ನೊಂದು ಪ್ರಸಂಗ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಚೋಳರ ಕೈಯಿಂದ ತಲಕಾಡನ್ನು ಬಿಡಿಸಿದ. ಮೆಚ್ಚಿದ ದೊರೆ ಬೇಕಾದುದನ್ನು ಕೇಳೆಂದಾಗ ಆತ ಬೇಡಿದ್ದು ಬಿಂಡಿಗನವಿಲೆಯನ್ನು. ಪಡೆದ ಊರನ್ನು ತನಗೆಂದು ಇಟ್ಟುಕೊಳ್ಳದೆ ಗುರು ಶುಭಚಂದ್ರ ಸಿದ್ಧಾಂತದೇವರಿಗೆ ಧಾರೆ ಎರೆದುಕೊಟ್ಟ. ಪಕ್ಕದ ಕಂಬದಹಳ್ಳಿಯಲ್ಲಿರುವ ಕ್ರಿ.ಶ. 1118ರ ಶಾಸನ ಹೇಳುವ ಸಂಗತಿ ಇದು.

ಗಡಿ ಎಂದರೆ ಕಾದಾಟದ ಜಾಗ ಎಂಬುದು ಸಾಮಾನ್ಯ ನಂಬಿಕೆ. ಈ ಸೀಮೆಯ ಇತಿಹಾಸದಲ್ಲಿ ಅದಕ್ಕೆ ಆಧಾರವೂ ಇದೆ. ತಲಕಾಡಿನ ಗಂಗರು ಉತ್ತರದ ರಾಷ್ಟ್ರಕೂಟರಿಗೂ ದಕ್ಷಿಣದ ಪಲ್ಲವ, ಚೋಳರಿಗೂ ನಡುವೆ ಸಿಕ್ಕಿ ಆಳಿದವರು. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಗಂಗವಾಡಿ ಚೋಳರ ವಶವಾಯಿತು. ನೂರು ವರ್ಷ ಕಳೆದ ಮೇಲೆ ಹೊಯ್ಸಳರದಾಯಿತು. ಆದರೆ ಸೈನ್ಯಗಳು ಓಡಾಡಿದ ದಾರಿಯಲ್ಲೇ ಶಿಲ್ಪಿಗಳೂ ಓಡಾಡಿದರು. ಗಡಿಯನ್ನು ಆ ಕಡೆಯಿಂದ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ.

ಕಂಬದಹಳ್ಳಿಯ ಪಂಚಕೂಟ ಬಸದಿಯನ್ನೇ ನೋಡಿ. ಹತ್ತನೆಯ ಶತಮಾನದ ಆಸುಪಾಸಿನ ಈ ಗಂಗರ ಕಾಲದ ಕಟ್ಟಡ ಶ್ರವಣಬೆಳಗೊಳದ ಚಾವುಂಡರಾಯ ಬಸದಿಯ ನೆಂಟ. ಊರಿಗೆ ಹೆಸರು ತಂದುಕೊಟ್ಟ ಎತ್ತರದ ಕಂಬ ಎದುರಿಗೇ ನಿಂತಿದೆ. ಇಲ್ಲಿನ ಮೂರು ಗರ್ಭಗುಡಿಗಳ ಮೇಲಿನ ಶಿಖರಗಳು ಒಂದರಂತೆ ಒಂದಿಲ್ಲ. ಒಂದು ಚೌಕ, ಒಂದು ಎಂಟು ಮೂಲೆ, ಇನ್ನೊಂದು ದುಂಡು. ದಕ್ಷಿಣದ ಶಿಲ್ಪಗ್ರಂಥಗಳು ಚೌಕವಾದುದನ್ನು ನಾಗರ, ಎಂಟು ಮೂಲೆಯದನ್ನು ದ್ರಾವಿಡ, ದುಂಡಾದುದನ್ನು ವೇಸರ ಎಂದು ಕರೆಯುತ್ತವೆ. ಮೂರೂ ಒಂದೇ ಅಂಗಳದಲ್ಲಿ, ಒಂದೇ ಜಗತಿಯ ಬಂಧುಗಳಂತೆ ಇಲ್ಲಿವೆ.

ಇದೇ ಮೂರು ಹೆಸರುಗಳಿಗೆ ಬೇರೆ ಅರ್ಥವೂ ಇದೆ. ಉತ್ತರ ಭಾರತದ್ದು ನಾಗರ, ತಮಿಳು ನಾಡಿನದು ದ್ರಾವಿಡ, ನಡುವಿನ ಕರ್ನಾಟಕದ್ದು ವೇಸರ ಎಂದು ಶಾಲೆಯ ಪುಸ್ತಕಗಳು ಹೇಳುತ್ತ ಬಂದಿವೆ. ವೇಸರ ಎಂಬ ಸಂಸ್ಕೃತ ಶಬ್ದಕ್ಕೆ ಹೇಸರಗತ್ತೆ ಎಂಬ ಅರ್ಥವಿದೆ. ಕನ್ನಡದ ‘ಹೇಸರ’ವೂ ಅದರದೇ ರೂಪ. ಕುದುರೆಗೂ ಕತ್ತೆಗೂ ಹುಟ್ಟಿದ ಪ್ರಾಣಿ ಅದು. ಹೀಗಾಗಿ ಕರ್ನಾಟಕದ ಶೈಲಿ ಎಂದರೆ ಎರಡು ಸ್ವಂತ ಶೈಲಿಗಳ ಬೆರಕೆ ಎಂಬ ಭಾವನೆ ಬೇರೂರಿತು. ಆದರೆ ಹೇಸರಗತ್ತೆಗೆ ಸಾಮಾನ್ಯವಾಗಿ ಮರಿಯಾಗುವುದಿಲ್ಲ. ಲಕ್ಕುಂಡಿಯಿಂದ ಸೋಮನಾಥಪುರದವರೆಗೆ ಹಬ್ಬಿದ ವಂಶಕ್ಕೆ ಈ ಹೋಲಿಕೆ ಹೇಗೆ ಹೊಂದೀತು?

ಈ ಪ್ರಶ್ನೆಯನ್ನು ಗಂಭೀರವಾಗಿ ಕೈಗೆತ್ತಿಕೊಂಡವರಲ್ಲಿ ಇಬ್ಬರನ್ನು ಹೆಸರಿಸಬೇಕು. ಒಬ್ಬರು ಎಂ.ಎ. ಢಾಕಿ. ಕರ್ನಾಟಕದ ಶಾಸನಗಳಲ್ಲಿ ಬರುವ ದೇವಾಲಯ ರೂಪಗಳ ಹೆಸರುಗಳನ್ನು ನಿಂತಿರುವ ಗುಡಿಗಳೊಡನೆ ಹೋಲಿಸಿ ಅವರು ಬರೆದ ಪುಸ್ತಕ 1977ರಲ್ಲಿ ಬಂತು. ಇನ್ನೊಬ್ಬರು ಬ್ರಿಟನ್ನಿನ ವಾಸ್ತುಶಿಲ್ಪಿ ಆಡಂ ಹಾರ್ಡಿ. ಕಾರ್ಡಿಫ್ ವಿಶ್ವವಿದ್ಯಾಲಯದ ವಾಸ್ತುಶಿಲ್ಪ ಶಾಲೆಯಲ್ಲಿ ಏಷ್ಯಾದ ವಾಸ್ತುವಿನ ಪ್ರಾಧ್ಯಾಪಕರಾಗಿದ್ದ ಅವರು, ಏಳರಿಂದ ಹದಿಮೂರನೆಯ ಶತಮಾನದವರೆಗಿನ ‘ಕರ್ಣಾಟ ದ್ರಾವಿಡ’ ಪರಂಪರೆಯನ್ನು ಕುರಿತ ಗ್ರಂಥವನ್ನು 1995ರಲ್ಲಿ ಪ್ರಕಟಿಸಿದರು.

ಹಾರ್ಡಿಯವರ ವಾದ ಸರಳವಾಗಿದೆ. ಗುಡಿಯ ಗೋಡೆಯೂ ಶಿಖರವೂ ಪುಟ್ಟ ಪುಟ್ಟ ಗುಡಿಗಳ ಜೋಡಣೆ. ಎರಡು ಕಂಬ, ಮೇಲೊಂದು ಸೂರು, ಅದರ ಮೇಲೊಂದು ಶಿಖರ – ಇಷ್ಟಾದರೆ ಒಂದು ಕಿರುಗುಡಿ. ಶತಮಾನಗಳು ಉರುಳಿದಂತೆ ಈ ಕಿರುಗುಡಿಗಳು ಗೋಡೆಯಿಂದ ಮುಂದಕ್ಕೆ ಚಾಚುತ್ತವೆ, ಒಡೆದು ಎರಡಾಗುತ್ತವೆ, ಒಂದರೊಳಗಿಂದ ಇನ್ನೊಂದು ಹೊಮ್ಮುತ್ತವೆ. ಹೀಗೆ ದ್ರಾವಿಡದ ಒಡಲಿನಿಂದಲೇ, ತಲೆಮಾರಿನಿಂದ ತಲೆಮಾರಿಗೆ, ಹೊಸ ರೂಪ ಬೆಳೆಯಿತು. ನಾಗರದ ಪರಿಚಯ ಶಿಲ್ಪಿಗಳಿಗೆ ಇತ್ತು. ಆದರೆ ಅವರು ಅದನ್ನು ತಂದು ಅಂಟಿಸಲಿಲ್ಲ. ತಮ್ಮ ವ್ಯಾಕರಣದಲ್ಲೇ ಹೊಸ ವಾಕ್ಯ ಕಟ್ಟಿದರು.

ಶಿಲ್ಪಿಗಳಿಗೆ ಭೇದ ತಿಳಿದಿರಲಿಲ್ಲ ಎನ್ನುವಂತಿಲ್ಲ. ಹೂವಿನಹಡಗಲಿ ತಾಲ್ಲೂಕಿನ ಹೊಳಲಿನ ಶಾಸನವೊಂದು ಬಮ್ಮೋಜನೆಂಬ ಶಿಲ್ಪಿಯನ್ನು ನಾಗರ, ಕಾಳಿಂಗ, ದ್ರಾವಿಡ, ವೇಸರ ಎಂಬ ನಾಲ್ಕನ್ನೂ ಬಲ್ಲವನೆಂದು ಹೊಗಳುತ್ತದೆ. ಬಿಂಡಿಗನವಿಲೆಗೆ ನೆರೆಯ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಹೋದರೆ ಇದಕ್ಕೆ ಸಾಕ್ಷಿ ಕಣ್ಣಿಗೇ ಬೀಳುತ್ತದೆ. ಬೊಮ್ಮಣ್ಣ ದಂಡನಾಯಕ 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ಗುಡಿ ಹೊಯ್ಸಳರ ಪರಿಚಿತ ರೀತಿಯದು. ಮೂರು ವರ್ಷಗಳ ನಂತರ ಆತನೇ ಕಟ್ಟಿಸಿದ ಸದಾಶಿವ ಗುಡಿಯ ಶಿಖರ ಉತ್ತರದ ನಾಗರ ರೀತಿಯದು. ಒಂದೇ ಊರು, ಒಬ್ಬನೇ ಒಡೆಯ, ಎರಡು ನುಡಿ. ಎರಡು ಭಾಷೆ ಬಲ್ಲವನು ಮಾತನಾಡುವಾಗಲೆಲ್ಲ ಎರಡನ್ನೂ ಕಲಸಿಬಿಡುವುದಿಲ್ಲ. ಯಾವಾಗ ಯಾವುದು ಸಲ್ಲುತ್ತದೆ ಎಂಬುದು ಅವನಿಗೆ ಗೊತ್ತಿರುತ್ತದೆ.

ಇನ್ನು ಕಲಿಸುವ ಮಾತು. ಹಾರ್ಡಿಯವರ ಪುಸ್ತಕಗಳಲ್ಲಿ ವಾದವನ್ನು ಮುನ್ನಡೆಸುವುದು ರೇಖಾಚಿತ್ರಗಳು. ಫೋಟೊ ಮೇಲ್ಮೈಯನ್ನು ತೋರಿಸುತ್ತದೆ. ಗೆರೆ ಎಳೆಯುವವನಿಗೆ ಈ ಚಾಚು ಎಲ್ಲಿಂದ ಹೊರಟಿತು, ಈ ಕಂಬ ಯಾವ ಕಿರುಗುಡಿಗೆ ಸೇರಿದ್ದು ಎಂದು ತೀರ್ಮಾನಿಸದೆ ಗತಿಯಿಲ್ಲ. ಕೋಲಾರ ಜಿಲ್ಲೆಯ ವೆಂಕಟಾಪುರದಲ್ಲಿ ಹೊಯ್ಸಳ ರೀತಿಯ ಹೊಸ ಗುಡಿಯೊಂದಕ್ಕೆ ವಿನ್ಯಾಸ ರಚಿಸುವ ಕೆಲಸ ಅವರಿಗೆ ಬಂದಾಗಲೂ ಪ್ರಶ್ನೆ ಇದೇ ಆಗಿತ್ತು: ಹಳೆಯದನ್ನು ನಕಲು ಮಾಡುವುದೇ, ಇಲ್ಲವೇ ಅದರ ವ್ಯಾಕರಣ ಕಲಿತು ಮುಂದಿನ ಹೆಜ್ಜೆ ಇಡುವುದೇ?

ವಾಸ್ತುಶಿಲ್ಪ ಕಲಿಯುವ ಪ್ರತಿಯೊಬ್ಬ ವಿದ್ಯಾರ್ಥಿಯ ಎದುರಿಗೂ ಈ ಪ್ರಶ್ನೆ ಇದೆ. ಬೇಲೂರಿನ ಮದನಿಕೆಯನ್ನು ಸಿಮೆಂಟಿನಲ್ಲಿ ಅಚ್ಚೊತ್ತಿ ಹೋಟೆಲಿನ ಬಾಗಿಲಿಗೆ ನಿಲ್ಲಿಸುವುದು ಸುಲಭ. ಅದು ಪರಂಪರೆಯ ಮುಂದುವರಿಕೆಯಲ್ಲ. ಬಸರಾಳಿನಲ್ಲಿ 1234ರ ಮಲ್ಲಿಕಾರ್ಜುನ ಗುಡಿಯ ಮುಂದೆ ಕಾಗದ ಹರವಿಕೊಂಡು ಒಂದು ಮೂಲೆಯನ್ನು ಬುಡದಿಂದ ಕಳಶದವರೆಗೆ ಬರೆದವನಿಗೆ ಮಾತ್ರ, ಅಲಂಕಾರವೆಂದುಕೊಂಡದ್ದು ಕಟ್ಟಡದ ಅಸ್ಥಿಪಂಜರವೆಂಬುದು ಅರಿವಾಗುತ್ತದೆ.

ಊರವರಿಗೂ ಇದರಲ್ಲಿ ಕೆಲಸವಿದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಸಂತೋಷದ ವಿಷಯವೇ. ಆದರೆ ಆ ಪರಂಪರೆಯ ನಡುದಾರಿಯ ಹೆಜ್ಜೆಗಳು ಕಂಬದಹಳ್ಳಿ, ಕಿಕ್ಕೇರಿ, ಬಸರಾಳು, ಹೊಸಹೊಳಲುಗಳಂಥ ಊರುಗಳಲ್ಲಿವೆ. ಜೀರ್ಣೋದ್ಧಾರದ ಹೆಸರಿನಲ್ಲಿ ಒಂದು ಹಳೆಯ ಗುಡಿಯ ಗೋಡೆಗೆ ಬಣ್ಣ ಬಳಿದರೆ, ಅಧಿಷ್ಠಾನವನ್ನು ನೆಲಗಲ್ಲಿನಲ್ಲಿ ಮುಚ್ಚಿದರೆ, ಭಕ್ತಿಗೆ ಕೊರತೆಯಾಗದೇ ಇರಬಹುದು. ಆದರೆ ಆ ವಂಶಾವಳಿಯ ಒಂದು ಪುಟ ಹರಿದುಹೋಗುತ್ತದೆ. ಅದನ್ನು ಮತ್ತೆ ಬರೆಯಲು ಯಾವ ಪ್ರಾಧ್ಯಾಪಕನಿಗೂ ಸಾಧ್ಯವಿಲ್ಲ.

ಇಂದಿನ ಭೂಪಟದಲ್ಲಿ ಕಂಬದಹಳ್ಳಿ ಮಂಡ್ಯ ಜಿಲ್ಲೆಯದು, ಶ್ರವಣಬೆಳಗೊಳ ಹಾಸನದ್ದು. ಕಲ್ಲಿಗೆ ಈ ಗೆರೆ ಗೊತ್ತಿಲ್ಲ. ತಲಕಾಡು ಗೆದ್ದ ದಂಡನಾಯಕ ಬೇಡಿಕೊಂಡದ್ದು ಗಡಿಯ ಕೋಟೆಯನ್ನಲ್ಲ, ಬಸದಿಗಳಿದ್ದ ಊರನ್ನು. ಅದನ್ನು ಪಡೆದ ಗಳಿಗೆಯಲ್ಲೇ ಬಿಟ್ಟುಕೊಟ್ಟ. ಹಾಗೆ ಕೈದಾಟಿ ಬಂದುದನ್ನು ಕಾಪಾಡಿ ಮುಂದಿನವರ ಕೈಗೆ ಒಪ್ಪಿಸುವುದು ಈಗಿನವರ ಸರದಿ.